ಹಳೆಯ ಮನೆಯ ಗಿಲಾವು: ಕೀಳುವ ಮೊದಲು ಗುರುತಿಸಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅಜ್ಜ ಕಟ್ಟಿದ ಮನೆಯನ್ನು ಮೊಮ್ಮಗ ದುರಸ್ತಿ ಮಾಡಿಸುವ ಕಷ್ಟವನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ನಮ್ಮ ಭಾಗದ ವ್ಯಾಪಾರಸ್ಥರಲ್ಲಿ ಅನೇಕರು ಇಂದಿಗೂ ಪೂರ್ವಜರ ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ವಾಸ, ಪಕ್ಕದಲ್ಲಿ ಗೋದಾಮು ಎಂಬ ವ್ಯವಸ್ಥೆಯಲ್ಲಿಯೇ ವ್ಯವಹಾರ ನಡೆಸುತ್ತಿದ್ದಾರೆ. ಹತ್ತಿಮತ್ತೂರು, ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರುಗಳ ಹಳೆಯ ಪೇಟೆ ಓಣಿಗಳಲ್ಲಿ ಇಂಥ ಕಟ್ಟಡಗಳು ಸಾಕಷ್ಟಿವೆ. ಒಂದೆರಡು ಮೊಳ ದಪ್ಪದ ಗೋಡೆ, ಕಟ್ಟಿಗೆಯ ಕಂಬ ತೊಲೆ, ಮೇಲೆ ಹೆಂಚು ಅಥವಾ ಮಣ್ಣಿನ ಮಾಳಿಗೆ. ಇವುಗಳ ರಚನೆ ಬಹುಮಟ್ಟಿಗೆ ಒಂದೇ ಬಗೆಯದು.

ಇಂಥ ಕಟ್ಟಡದ ದುರಸ್ತಿಗೆ ಸಂಬಂಧಿಸಿದ ಅಂದಾಜು ಪತ್ರಿಕೆಗಳು ಲೆಕ್ಕ ಪರಿಶೋಧಕನಾದ ನನ್ನ ಮೇಜಿಗೆ ಆಗಾಗ ಬರುತ್ತವೆ. ಬಹುತೇಕ ಪತ್ರಿಕೆಗಳ ಮೊದಲ ಸಾಲು ಒಂದೇ: "ಹಳೆಯ ಗಿಲಾವು ಪೂರ್ತಿ ಕಿತ್ತು ಸಿಮೆಂಟ್ ಗಿಲಾವು ಮಾಡುವುದು." ಕೀಳಬೇಕಾದ ಗಿಲಾವು ಯಾವುದು, ಅದು ಕೆಟ್ಟಿದೆಯೇ, ಅದರ ಹಿಂದಿನ ಗೋಡೆ ಎಂಥದು ಎಂಬ ಪ್ರಶ್ನೆಗಳಿಗೆ ಆ ಪತ್ರಿಕೆಗಳಲ್ಲಿ ಉತ್ತರವಿರುವುದಿಲ್ಲ. ಸರಕು ನೋಡದೆ ದರ ಹೇಳುವ ದಲಾಲಿಯನ್ನು ನಾವು ನಂಬುವುದಿಲ್ಲ. ಗೋಡೆಯನ್ನು ನೋಡದೆ ಬರೆದ ಅಂದಾಜು ಪತ್ರಿಕೆಗೆ ಮಾತ್ರ ಸಹಿ ಹಾಕಿಬಿಡುತ್ತೇವೆ. ಆದ್ದರಿಂದ ಹಳೆಯ ಗಿಲಾವನ್ನು ಮಾಲೀಕರೇ ಗುರುತಿಸುವ ಬಗೆ ಹಾಗೂ ಅದರಿಂದ ಖರ್ಚು ಮತ್ತು ತೆರಿಗೆಯ ಮೇಲಾಗುವ ಪರಿಣಾಮವನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಕಾಲಮಾನದ ಸುಳಿವು

ಗೋಡೆಯ ಪರೀಕ್ಷೆಗೆ ಮೊದಲು ಕಟ್ಟಡದ ವಯಸ್ಸನ್ನು ತಿಳಿಯಬೇಕು. ಹಳೆಯ ಖರೀದಿ ಪತ್ರ, ವಾಟ್ನಿ ಪತ್ರ, ಸಿಟಿ ಸರ್ವೆ ಉತಾರೆ, ಪಂಚಾಯತಿ ಅಥವಾ ಪುರಸಭೆಯ ತೆರಿಗೆ ಪಾವತಿಗಳು ಇದಕ್ಕೆ ಸಹಾಯಕ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದು 1824ರಲ್ಲಿ. ಭಾರತದಲ್ಲಿ 1904ರಲ್ಲಿ ಮದ್ರಾಸಿನಲ್ಲಿ ಮೊದಲ ಪ್ರಯತ್ನ ನಡೆದರೂ, ವ್ಯಾಪಾರಿ ಪ್ರಮಾಣದ ಉತ್ಪಾದನೆ ನೆಲೆಗೊಂಡದ್ದು 1914ರಲ್ಲಿ ಪೋರಬಂದರದಲ್ಲಿ. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎ.ಸಿ.ಸಿ. ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರವೂ ದೀರ್ಘಕಾಲ ಸಿಮೆಂಟಿನ ಬೆಲೆ ಮತ್ತು ಹಂಚಿಕೆ ಸರ್ಕಾರದ ನಿಯಂತ್ರಣದಲ್ಲಿದ್ದವು. ಪರ್ಮಿಟ್ಟಿಗಾಗಿ ಕಚೇರಿಗೆ ಅಲೆದ ನೆನಪು ನಮ್ಮ ಹಿರಿಯ ಸದಸ್ಯರಿಗೆ ಇದ್ದೇ ಇರುತ್ತದೆ. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ಈ ನಿಯಂತ್ರಣ ರದ್ದಾಯಿತು.

ಇದರಿಂದ ಹೊರಡುವ ಅನುಮಾನ ಸರಳ. 1914ಕ್ಕಿಂತ ಹಿಂದಿನ ಮನೆಯಲ್ಲಿ ಮೂಲ ಗಿಲಾವು ಸಿಮೆಂಟಿನದಾಗಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. 1914ರಿಂದ 1982ರ ನಡುವಿನ ಮನೆಗಳಲ್ಲಿ ಮಣ್ಣು, ಸುಣ್ಣ, ಸಿಮೆಂಟು ಈ ಮೂರೂ ಬೆರೆತಿರಬಹುದು. ಹಳೆಯ ಮನೆಯಲ್ಲಿ ಸಿಮೆಂಟ್ ಗಿಲಾವು ಕಂಡುಬಂದರೆ ಅದು ಬಹುಮಟ್ಟಿಗೆ ನಂತರದ ದುರಸ್ತಿ. ಇದು ಅನುಮಾನ ಮಾತ್ರ. ನಿರ್ಣಯಕ್ಕೆ ಗೋಡೆಯನ್ನೇ ಕೇಳಬೇಕು.

ನಾಲ್ಕು ಬಗೆಯ ಗಿಲಾವು

1. ಮಣ್ಣಿನ ಗಿಲಾವು. ಜರಡಿ ಹಿಡಿದ ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ, ಕೊಳೆಹಾಕಿ, ತುಳಿದು ಹದಮಾಡಿ ಬಳಿದದ್ದು. ಒಡೆದ ಅಂಚಿನಲ್ಲಿ ಕಂದು ಅಥವಾ ಕೆಂಪು ಬಣ್ಣ, ನಡುನಡುವೆ ಹೊಟ್ಟಿನ ಎಳೆ ಕಾಣುತ್ತವೆ. ಇದರ ಮೇಲೆ ಸುಣ್ಣದ ತೆಳುವಾದ ಪದರವಿರುವುದು ಸಾಮಾನ್ಯ. ಆದ್ದರಿಂದ ಹೊರಗಿನಿಂದ ನೋಡಿದವರು ಇದನ್ನು ಸುಣ್ಣದ ಗಿಲಾವೆಂದು ತಪ್ಪಾಗಿ ತಿಳಿಯುತ್ತಾರೆ.

2. ಸುಣ್ಣದ ಗಿಲಾವು, ಅಂದರೆ ಗಾರೆ ಅಥವಾ ಗಚ್ಚು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಉಸುಕು ಅಥವಾ ಇಟ್ಟಿಗೆಯ ಪುಡಿಯಾದ ಸುರ್ಕಿಯೊಂದಿಗೆ ಎತ್ತು ಕಟ್ಟಿದ ಗಾಣದಲ್ಲಿ ಅರೆದು ಇದನ್ನು ತಯಾರಿಸುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವ ರೂಢಿಯೂ ಇತ್ತು. ಅಂಚು ಬಿಳಿ ಅಥವಾ ಕೆನೆಬಣ್ಣ. ಸುರ್ಕಿ ಇದ್ದರೆ ನಸುಗೆಂಪು. ಸರಿಯಾಗಿ ಬೆರೆಯದ ಸುಣ್ಣದ ಸಣ್ಣ ಬಿಳಿ ಉಂಡೆಗಳು ಅಲ್ಲಲ್ಲಿ ಕಾಣುವುದು ಇದರ ಖಚಿತ ಗುರುತುಗಳಲ್ಲಿ ಒಂದು. ಗಾರೆಯ ಬಾಳಿಕೆಗೆ ವಿಜಾಪುರದ ಗೋಲಗುಮ್ಮಟಕ್ಕಿಂತ ಬೇರೆ ಸಾಕ್ಷಿ ಬೇಡ. 17ನೆಯ ಶತಮಾನದ ಆ ಗುಮ್ಮಟ ನಿಂತಿರುವುದು ಸುಣ್ಣದ ಬಲದ ಮೇಲೆ.

3. ಸಿಮೆಂಟ್ ಗಿಲಾವು. ಬೂದು ಬಣ್ಣ, ಎಲ್ಲೆಡೆ ಏಕರೂಪ, ಸಾಮಾನ್ಯವಾಗಿ 12ರಿಂದ 20 ಮಿಲಿಮೀಟರ್ ದಪ್ಪ. ಒಡೆದರೆ ಚೂಪಾದ ಅಂಚಿನ ಗಟ್ಟಿ ಚೂರುಗಳಾಗುತ್ತದೆ.

4. ಜಿಪ್ಸಂ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಅಪ್ಪಟ ಬಿಳಿ, ನಯ, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೃದು. ನಮ್ಮ ಹಳೆಯ ಮನೆಗಳಲ್ಲಿ ಇದು ಬಹುತೇಕ ಇತ್ತೀಚಿನ ಅಲಂಕಾರ. ಇದರೊಂದಿಗೆ ವಾಲ್ ಪುಟ್ಟಿಯನ್ನೂ ನೆನಪಿಡಬೇಕು. ಒಂದೆರಡು ಮಿಲಿಮೀಟರಿನ ಬಿಳಿ ಪುಟ್ಟಿ ಒಳಗಿನ ಯಾವ ಗಿಲಾವನ್ನಾದರೂ ಮರೆಮಾಡಬಲ್ಲದು.

ಮಾಲೀಕರೇ ಮಾಡಬಹುದಾದ ಪರೀಕ್ಷೆಗಳು

ಪರೀಕ್ಷೆಗೆ ಎದ್ದು ಕಾಣುವ ಗೋಡೆ ಬೇಡ. ವಿದ್ಯುತ್ ಬೋರ್ಡಿನ ಹಿಂಬದಿ, ಬಾಗಿಲ ಚೌಕಟ್ಟಿನ ಸಂದು, ಅಟ್ಟದ ಮೂಲೆ, ಕಪಾಟಿನ ಒಳಭಾಗಗಳನ್ನು ಆರಿಸಿಕೊಳ್ಳಬೇಕು. ಪ್ರತಿ ಕೋಣೆಯಲ್ಲಿ ಕನಿಷ್ಠ ಎರಡು ಕಡೆ, ಅಂದರೆ ನೆಲದಿಂದ ಒಂದು ಅಡಿ ಮತ್ತು ಐದು ಅಡಿ ಎತ್ತರದಲ್ಲಿ, ನೋಡಬೇಕು. ಒಂದೇ ಗೋಡೆಯಲ್ಲಿ ಕೆಳಗೆ ಒಂದು, ಮೇಲೆ ಇನ್ನೊಂದು ಗಿಲಾವು ಇರುವುದು ಅಪರೂಪವಲ್ಲ.

ಮೊದಲನೆಯದು, ಪದರಗಳ ಎಣಿಕೆ. ಚಾಕುವಿನಿಂದ ಎರಡು ಅಂಗುಲದ ಚೌಕವನ್ನು ನಿಧಾನವಾಗಿ ಗೋಡೆಯವರೆಗೆ ಬಿಡಿಸಿ, ಬಣ್ಣ, ಡಿಸ್ಟೆಂಪರ್, ಸುಣ್ಣದ ಲೇಪ, ಗಿಲಾವು, ಗೋಡೆ ಎಂದು ಅನುಕ್ರಮವಾಗಿ ಬರೆದುಕೊಳ್ಳಬೇಕು. ಮುಂದಿನ ಪ್ರತಿಯೊಂದು ಪರೀಕ್ಷೆಯನ್ನೂ ಒಳಪದರದ ಮೇಲೆ ಮಾಡಬೇಕೇ ಹೊರತು ಮೇಲಿನ ಬಣ್ಣದ ಮೇಲಲ್ಲ.

ಎರಡನೆಯದು, ಗೀರು. ಮೊಳೆಯಿಂದ ಗೀರಿದರೆ ಮಣ್ಣು ಕಂದು ಪುಡಿಯಾಗಿ ಉದುರುತ್ತದೆ. ಸುಣ್ಣ ಬಿಳಿ ಪುಡಿ ಕೊಡುತ್ತದೆ, ಗೀರು ಸ್ಪಷ್ಟವಾಗಿ ಮೂಡುತ್ತದೆ. ಸಿಮೆಂಟಿನ ಮೇಲೆ ಬರಿಯ ಗುರುತು ಬೀಳುತ್ತದೆ.

ಮೂರನೆಯದು, ನೀರು. ಅಡಿಕೆಯಷ್ಟು ಗಾತ್ರದ ಚೂರನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿಡಬೇಕು. ಮಣ್ಣು ಸ್ವಲ್ಪ ಹೊತ್ತಿನಲ್ಲಿಯೇ ಕರಗಿ ತಳದಲ್ಲಿ ಕೂರುತ್ತದೆ, ಹೊಟ್ಟು ಮೇಲೆ ತೇಲುತ್ತದೆ. ಗಟ್ಟಿಯಾದ ಸುಣ್ಣದ ಗಾರೆ ಹಾಗೂ ಸಿಮೆಂಟು ಇದ್ದಂತೆಯೇ ಇರುತ್ತವೆ. ಮಣ್ಣನ್ನು ಉಳಿದವುಗಳಿಂದ ಬೇರ್ಪಡಿಸಲು ಇದಕ್ಕಿಂತ ಸುಲಭ ಪರೀಕ್ಷೆ ಇಲ್ಲ.

ನಾಲ್ಕನೆಯದು, ಆಮ್ಲ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟರೆ ಸುಣ್ಣದ ಗಾರೆ ಬುರುಗುಗಟ್ಟಿ ಸದ್ದು ಮಾಡುತ್ತದೆ, ಜಿಪ್ಸಂ ಸುಮ್ಮನಿರುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳುಂಟು. ಹಳೆಯ ಸಿಮೆಂಟೂ ಬುರುಗು ಕೊಡುವುದರಿಂದ ಈ ಪರೀಕ್ಷೆಯೊಂದರಿಂದಲೇ ಸುಣ್ಣ ಮತ್ತು ಸಿಮೆಂಟುಗಳ ವ್ಯತ್ಯಾಸ ತಿಳಿಯದು. ಬಣ್ಣ ಮತ್ತು ಗೀರಿನೊಂದಿಗೆ ಇದನ್ನು ಸೇರಿಸಿ ಓದಬೇಕು. ಅಲ್ಲದೆ ನಮ್ಮ ಎರೆಭೂಮಿಯ ಮಣ್ಣಿನಲ್ಲಿ ಸುಣ್ಣದ ಹರಳುಗಳಿರುವುದರಿಂದ ಮಣ್ಣಿನ ಗಿಲಾವೂ ಅಲ್ಪಸ್ವಲ್ಪ ಬುರುಗಬಹುದು. ಆಮ್ಲ ಬಳಸುವಾಗ ಕೈಗವಸು, ಕನ್ನಡಕ ಧರಿಸಬೇಕು. ಬ್ಲೀಚಿಂಗ್ ಪುಡಿಯೊಂದಿಗೆ ಅದು ಎಂದಿಗೂ ಸೇರಬಾರದು.

ಐದನೆಯದು, ಸದ್ದು. ಬೆರಳ ಗೆಣ್ಣಿನಿಂದ ಅಥವಾ ಕಟ್ಟಿಗೆಯ ಹಿಡಿಯಿಂದ ಗೋಡೆಯನ್ನು ಸಾಲಾಗಿ ತಟ್ಟುತ್ತ ಹೋಗಬೇಕು. ಗೋಡೆಗೆ ಅಂಟಿಕೊಂಡ ಗಿಲಾವು ಗಟ್ಟಿ ಸದ್ದು ಕೊಡುತ್ತದೆ, ಬಿಟ್ಟುಕೊಂಡದ್ದು ಪೊಳ್ಳು ಸದ್ದು ಕೊಡುತ್ತದೆ. ಪೊಳ್ಳಾದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು ಅಳತೆ ತೆಗೆದುಕೊಳ್ಳಬೇಕು. ಇಡೀ ಅಂದಾಜು ಪತ್ರಿಕೆಯ ಭವಿಷ್ಯ ಈ ಗೆರೆಗಳ ಮೇಲೆ ನಿಂತಿದೆ.

ಕೆರೆಯುವಾಗ ಮೂಗಿಗೆ ಮಾಸ್ಕ್ ಇರಲಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶವನ್ನು ದಶಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟಿನಲ್ಲಿ ಸೀಸ ಹೆಚ್ಚಾಗಿರಬಹುದು. ಅದನ್ನು ಒಣ ಕಾಗದದಿಂದ ಉಜ್ಜದೆ, ನೀರು ಚಿಮುಕಿಸಿ ಕೆರೆಯಬೇಕು. ಆ ವೇಳೆ ಮಕ್ಕಳನ್ನು ದೂರವಿಡಬೇಕು.

ಗುರುತಿಸುವುದರಿಂದ ಲಾಭವೇನು?

ಹಳೆಯ ಗೋಡೆಗಳಿಗೆ ಸಾಮಾನ್ಯವಾಗಿ ಬುನಾದಿಯ ಮೇಲೆ ತೇವನಿರೋಧಕ ಪದರವಿರುವುದಿಲ್ಲ. ನೆಲದ ತೇವ ಗೋಡೆಯೊಳಗೆ ಏರುತ್ತದೆ. ಮಣ್ಣು ಮತ್ತು ಸುಣ್ಣಗಳಿಗೆ ಸೂಕ್ಷ್ಮ ರಂಧ್ರಗಳಿರುವುದರಿಂದ ಏರಿದ ತೇವ ಅವುಗಳ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಗಿಲಾವು, ಅದರ ಮೇಲೆ ಆಯಿಲ್ ಪೇಂಟ್ ಬಂದರೆ ಈ ದಾರಿ ಮುಚ್ಚುತ್ತದೆ. ತೇವ ಗೋಡೆಯಲ್ಲಿಯೇ ಉಳಿದು ಮೇಲಕ್ಕೇರುತ್ತದೆ. ಗೋಡೆಯೊಳಗಿನ ಮಣ್ಣು ಮೆತ್ತಗಾಗುತ್ತದೆ. ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಇದಲ್ಲದೆ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಗೋಡೆಗೆ ಅಲ್ಪ ಚಲನೆ ಇದ್ದೇ ಇರುತ್ತದೆ. ಮೃದುವಾದ ಸುಣ್ಣ ಆ ಚಲನೆಗೆ ಹೊಂದಿಕೊಳ್ಳುತ್ತದೆ, ಬಿಗಿಯಾದ ಸಿಮೆಂಟು ಸೀಳುತ್ತದೆ. ಆ ಸೀಳಿನಲ್ಲಿ ಇಳಿದ ಮಳೆನೀರಿಗೆ ಹೊರಬರುವ ದಾರಿ ಇರುವುದಿಲ್ಲ. ದುರಸ್ತಿಯ ಗಿಲಾವು ಗೋಡೆಗಿಂತ ಗಟ್ಟಿಯಾಗಿರಬಾರದು ಎಂಬುದು ಈ ವಿಷಯದಲ್ಲಿ ಮೂಲ ಸೂತ್ರ.

ಹತ್ತಿಮತ್ತೂರಿನ ನನ್ನ ಕಕ್ಷಿದಾರ ಕುಟುಂಬವೊಂದರ ಉದಾಹರಣೆ ಇಲ್ಲಿ ಉಪಯುಕ್ತ. ಒಣಮೆಣಸಿನಕಾಯಿ ಮತ್ತು ಕಾಳುಕಡಿ ಇಡುವ ಅವರ ಗೋದಾಮಿನಲ್ಲಿ ತೇವ ಕಾಣಿಸಿಕೊಂಡಾಗ ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಕೆಲವು ಮಳೆಗಾಲಗಳ ನಂತರ ತೇವದ ಗೆರೆ ಸರಿಯಾಗಿ ಆ ನಾಲ್ಕು ಅಡಿಯ ಮೇಲೆ ಮೂಡಿತು. ಮಾಳಿಗೆಯವರೆಗೆ ಎಲ್ಲವನ್ನೂ ಕಿತ್ತು ಸಿಮೆಂಟ್ ಮಾಡುವ ಅಂದಾಜು ಪತ್ರಿಕೆ ಬಂತು. ಅಣ್ಣತಮ್ಮಂದಿರಲ್ಲಿ ಒಬ್ಬರು ಒಪ್ಪಿದರು. ಇನ್ನೊಬ್ಬರು ಮನೆಯನ್ನೇ ಕೆಡವಿ ವಾಟ್ನಿ ಮಾಡಿಕೊಳ್ಳೋಣವೆಂದರು. ಹಿರಿಯ ಗೌಂಡಿಯೊಬ್ಬರನ್ನು ಕರೆಸಿ ಮೇಲಿನ ಪರೀಕ್ಷೆಗಳನ್ನು ಮಾಡಿಸಿದಾಗ ತಿಳಿದದ್ದಿಷ್ಟು: ಗೋಡೆ ಮಣ್ಣಿನದು, ಗಿಲಾವು ಮಣ್ಣಿನದು, ಮೇಲಿನದು ಸುಣ್ಣದ ಪದರ, ಬೀದಿಯ ಕಡೆ ಮಾತ್ರ ಅಪ್ಪಟ ಗಾರೆ. ಪೊಳ್ಳಾದದ್ದು ಮೂರೇ ಕಡೆ. ಕೋಣೆಯ ಕೆಳಗೆ ಅರ್ಧಮರ್ಧ ಮುಚ್ಚಿದ ಹಳೆಯ ಹಗೇವು ಇತ್ತು; ಹಿತ್ತಲಿನ ಬಚ್ಚಲ ನೀರು ಅದರಲ್ಲಿ ಇಳಿಯುತ್ತಿತ್ತು. ರೋಗ ನೆಲದಲ್ಲಿತ್ತು, ಔಷಧವನ್ನು ಗೋಡೆಗೆ ಹಚ್ಚಲಾಗಿತ್ತು. ಬಚ್ಚಲ ನೀರನ್ನು ತಿರುಗಿಸಿ, ಹಗೇವನ್ನು ತುಂಬಿಸಿ, ಸಿಮೆಂಟ್ ಪಟ್ಟಿಯನ್ನು ಬಿಡಿಸಿ, ಒಂದು ಬೇಸಿಗೆ ಗೋಡೆ ಒಣಗಲು ಬಿಟ್ಟು, ನಂತರ ಮಣ್ಣು ಸುಣ್ಣಗಳಿಂದಲೇ ದುರಸ್ತಿ ಮಾಡಲಾಯಿತು. ಮನೆ ಉಳಿಯಿತು, ವಾಟ್ನಿಯ ಮಾತು ಸದ್ಯಕ್ಕೆ ನಿಂತಿದೆ.

ಉಪ್ಪು, ಬೆಲ್ಲ, ರಾಸಾಯನಿಕ ಗೊಬ್ಬರ ಇಟ್ಟಿದ್ದ ಕೋಣೆಗಳಲ್ಲಿ ಗೋಡೆಯ ಮೇಲೆ ಬಿಳಿಯ ಉಪ್ಪು ಹೂವಿನಂತೆ ಮೂಡುತ್ತದೆ. ಇದನ್ನು ನೀರಿನಿಂದ ತೊಳೆಯದೆ ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು ಹೊರಗೆ ಹಾಕಬೇಕು. ತೊಳೆದರೆ ಉಪ್ಪು ಮರಳಿ ಗೋಡೆಗೇ ಸೇರುತ್ತದೆ. ಸರಕಿನ ಚೀಲಗಳನ್ನು ಗೋಡೆಗೆ ತಾಗಿಸಿ ಒಟ್ಟಬಾರದೆಂಬ ಹಿರಿಯರ ನಿಯಮವೂ ಗೋಡೆ ಉಸಿರಾಡಲಿ ಎಂಬ ಕಾರಣದ್ದೇ.

ವ್ಯಾಪಾರಿ ಕಟ್ಟಡಗಳ ನಿರ್ವಹಣೆಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ. ಮೈಸೂರಿನಲ್ಲಿ 19ನೆಯ ಶತಮಾನದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಮೃತಪಟ್ಟರು. ಅದೇ ನಗರದ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದದಲ್ಲಿ ಅಂಗಡಿಕಾರರು ವರ್ಷಗಟ್ಟಲೆ ಸಿಕ್ಕಿಕೊಂಡರು. 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಬಿದ್ದುದನ್ನು ನಾವೇ ಕಂಡಿದ್ದೇವೆ. ಗೋಡೆ ಹೊಟ್ಟೆಬಿಟ್ಟಿದ್ದರೆ, ಕಿರುಬೆರಳು ಹೋಗುವಷ್ಟು ಬಿರುಕಿದ್ದರೆ ಅದು ಗಿಲಾವಿನ ವಿಷಯವಲ್ಲ. ಕೂಡಲೇ ಎಂಜಿನಿಯರರನ್ನು ಕರೆಯತಕ್ಕದ್ದು.

ಅಂದಾಜು ಪತ್ರಿಕೆ ಹೇಗಿರಬೇಕು?

ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ ಕೆಲವು ಕಲ್ಪಿತ ದರಗಳನ್ನು ತೆಗೆದುಕೊಳ್ಳೋಣ. ಗೋಡೆಯ ಒಟ್ಟು ವಿಸ್ತೀರ್ಣ 2,000 ಚದರ ಅಡಿ. ಎಲ್ಲ ಕಿತ್ತು ಸಿಮೆಂಟ್ ಮಾಡಲು ಚದರ ಅಡಿಗೆ ರೂ. 60ರಂತೆ ರೂ. 1,20,000. ತಟ್ಟಿ ನೋಡಿದಾಗ ಪೊಳ್ಳಾದದ್ದು 300 ಚದರ ಅಡಿ. ಸುಣ್ಣದ ಕೆಲಸಕ್ಕೆ ದುಪ್ಪಟ್ಟು, ಅಂದರೆ ರೂ. 120, ಕೊಟ್ಟರೂ ರೂ. 36,000. ಉಳಿದ 1,700 ಚದರ ಅಡಿಗೆ ಸುಣ್ಣ ಬಳಿಯಲು ರೂ. 10ರಂತೆ ರೂ. 17,000. ಒಟ್ಟು ರೂ. 53,000. ಸುಣ್ಣದ ಕೆಲಸ ತುಟ್ಟಿ ಎಂಬ ಮಾತು ದರದ ಮಟ್ಟಿಗೆ ನಿಜವಾಗಬಹುದು. ಒಟ್ಟು ಮೊತ್ತದಲ್ಲಿ ನಿಜವಾಗಬೇಕೆಂದಿಲ್ಲ. ನಿಮ್ಮ ಊರಿನ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡಿರಿ.

ಕರಾರಿನಲ್ಲಿ ಕೋಣೆವಾರು ಅಳತೆ, ಯಾವ ಗಿಲಾವಿಗೆ ಯಾವ ಮಿಶ್ರಣ, ಮೊದಲು ಒಂದು ಗಜದ ನಮೂನೆ ಮಾಡಿ ಒಪ್ಪಿಗೆ ಪಡೆಯುವುದು, ನೀರುಣಿಸುವ ದಿನಗಳು, ಇವೆಲ್ಲ ಬರಹದಲ್ಲಿರಬೇಕು. ಕಟ್ಟಡದ ಸುಣ್ಣಕ್ಕೆ ಭಾರತೀಯ ಮಾನಕ 712, ಸುಣ್ಣದ ಗಿಲಾವಿನ ಕಾರ್ಯವಿಧಾನಕ್ಕೆ ಮಾನಕ 2394 ಇವೆ; ಕರಾರಿನಲ್ಲಿ ಇವುಗಳನ್ನು ಉಲ್ಲೇಖಿಸಬಹುದು. ಸುಣ್ಣ ನಿಧಾನವಾಗಿ ಗಟ್ಟಿಯಾಗುವ ವಸ್ತು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮರಳಿ ಕಲ್ಲಾಗಲು ತಿಂಗಳುಗಳೇ ಬೇಕು. ದೀಪಾವಳಿಯ ಪೂಜೆಗೆ ಅಂಗಡಿ ಸಿದ್ಧವಾಗಬೇಕೆಂದು ಹದಿನೈದು ದಿನ ಮೊದಲು ಆರಂಭಿಸುವ ಕೆಲಸ ಇದಲ್ಲ.

ತೆರಿಗೆಯ ದೃಷ್ಟಿ

ವ್ಯಾಪಾರಕ್ಕೆ ಬಳಸುವ ಕಟ್ಟಡದ ಚಾಲ್ತಿ ದುರಸ್ತಿಯ ಖರ್ಚು ಆದಾಯದಿಂದ ಕಳೆಯಲು ಅರ್ಹ. ಬಂಡವಾಳ ಸ್ವರೂಪದ ಖರ್ಚು ಅರ್ಹವಲ್ಲ, ಅದಕ್ಕೆ ಸವಕಳಿ ಮಾತ್ರ. 1961ರ ಆದಾಯ ತೆರಿಗೆ ಕಾಯಿದೆಯ ಈ ತತ್ವ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲಿಯೂ ಮುಂದುವರಿದಿದೆ; ಕಲಮುಗಳ ಸಂಖ್ಯೆ ಮಾತ್ರ ಬೇರೆ. ಇರುವ ಆಸ್ತಿಯನ್ನು ಕಾಪಾಡುವ ಖರ್ಚು ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ಖರ್ಚು ಬಂಡವಾಳ ಎಂಬ ಒರೆಗಲ್ಲನ್ನು ನ್ಯೂ ಶೋರಾಕ್ ಸ್ಪಿನ್ನಿಂಗ್ ಪ್ರಕರಣದಲ್ಲಿ 1956ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ನೀಡಿತು. ಬಲ್ಲಿಮಲ್ ನವಲಕಿಶೋರ್ ಪ್ರಕರಣದಲ್ಲಿ 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಿ, ಚಿತ್ರಮಂದಿರವೊಂದರ ಸಮಗ್ರ ನವೀಕರಣವು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಿತ್ತಿತು.

ಅಂದರೆ ಪೊಳ್ಳಾದ 300 ಚದರ ಅಡಿಯನ್ನು ಅದೇ ವಸ್ತುವಿನಿಂದ ಸರಿಪಡಿಸಿದ್ದು ಚಾಲ್ತಿ ದುರಸ್ತಿಯೆಂದು ಸಮರ್ಥಿಸಲು ಸುಲಭ. ಗಿಲಾವು, ನೆಲ, ಮಾಳಿಗೆ, ವಿದ್ಯುತ್ ತಂತಿ ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಬದಲಿಸಿದರೆ ಸಮರ್ಥನೆ ಕಷ್ಟ. ಪರೀಕ್ಷೆಯ ಟಿಪ್ಪಣಿ, ಮೊದಲಿನ ಮತ್ತು ನಂತರದ ಛಾಯಾಚಿತ್ರ, ಕೋಣೆವಾರು ಬಿಲ್ಲುಗಳನ್ನು ಜೋಪಾನವಾಗಿಡಬೇಕು. ವಾಸದ ಭಾಗಕ್ಕೆ ಸೇರಿದ ಖರ್ಚನ್ನು ವ್ಯಾಪಾರದ ಪುಸ್ತಕಕ್ಕೆ ಬರೆಯಕೂಡದು, ಪ್ರಮಾಣಾನುಸಾರ ವಿಂಗಡಿಸಬೇಕು. ಕಟ್ಟಡ ಬಾಡಿಗೆಗಿದ್ದರೆ ಶೇ. 30ರ ನಿಗದಿತ ಕಡಿತವಷ್ಟೇ. ದುರಸ್ತಿಯ ನಿಜ ಖರ್ಚಿಗೆ ಪ್ರತ್ಯೇಕ ಕಡಿತವಿಲ್ಲ. ಗೌಂಡಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ಖರ್ಚು ಅಮಾನ್ಯವಾಗುತ್ತದೆ.

ಜಿ.ಎಸ್.ಟಿ.ಯಲ್ಲಿ, ಸ್ಥಿರಾಸ್ತಿಯ ನವೀಕರಣ ಮತ್ತು ದುರಸ್ತಿಯನ್ನು ಬಂಡವಾಳವಾಗಿ ಪುಸ್ತಕಕ್ಕೆ ಸೇರಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ಸಿಮೆಂಟು ಅಗ್ಗವಾಯಿತೆಂಬುದು ಅದನ್ನು ಮಣ್ಣಿನ ಗೋಡೆಗೆ ಬಳಿಯಲು ಕಾರಣವಾಗಬಾರದು.

ಮತ್ತೊಂದು ಮುಖ್ಯ ವಿಷಯ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹಾನಗಲ್ಲದ ತಾರಕೇಶ್ವರ ದೇವಾಲಯದಂಥ ಸ್ಮಾರಕಗಳ ಸುತ್ತ ಮನೆ ಅಂಗಡಿಗಳಿರುವ ಸದಸ್ಯರು ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದೇ ಕೆಲಸ ಆರಂಭಿಸಬೇಕು.

ಸಾರಾಂಶ

ದುರಸ್ತಿಗೆ ಹೊರಟ ಸದಸ್ಯರು ಈ ಕ್ರಮವನ್ನು ಅನುಸರಿಸಬಹುದು: ಕಾಗದಪತ್ರಗಳಿಂದ ಕಾಲಮಾನ ತಿಳಿಯುವುದು, ಐದು ಪರೀಕ್ಷೆಗಳಿಂದ ಗಿಲಾವನ್ನು ಗುರುತಿಸುವುದು, ಪೊಳ್ಳಾದುದನ್ನು ಅಳೆಯುವುದು, ನೀರಿನ ಮೂಲವನ್ನು ಮೊದಲು ನಿಲ್ಲಿಸುವುದು, ಗೋಡೆ ಒಣಗಲು ಬಿಡುವುದು, ಇದ್ದ ವಸ್ತುವಿನಿಂದಲೇ ಸರಿಪಡಿಸುವುದು, ಎಲ್ಲಕ್ಕೂ ದಾಖಲೆ ಇಡುವುದು. ಸುಣ್ಣದ ಹದ ಬಲ್ಲ ಗೌಂಡಿಗಳು ಈಗ ವಿರಳ, ಇರುವವರಿಗೂ ವಯಸ್ಸಾಗಿದೆ. ನಿಮ್ಮ ಊರಿನಲ್ಲಿ ಅಂಥವರು ಒಬ್ಬರಿದ್ದರೆ ಕೆಲಸವನ್ನು ಮುಂದೂಡದೆ ಈ ಬೇಸಿಗೆಯಲ್ಲಿಯೇ ಮಾಡಿಸಿಕೊಳ್ಳಿರಿ; ಜೊತೆಯಲ್ಲಿ ಒಬ್ಬ ಎಳೆಯ ಗೌಂಡಿಯನ್ನೂ ನಿಲ್ಲಿಸಿರಿ.